ಶಾಲು ಹೊದಿಸುವ ಮುನ್ನ

ಜರ್ಮನಿಯಲ್ಲಿ ನೆಲೆಸಿ ಉದ್ಯಮ ಕಟ್ಟಿದ ಕನ್ನಡಿಗರು ಹಲವರಿದ್ದಾರೆ. ಆದರೆ ಕಟ್ಟಿದ ಉದ್ಯಮವನ್ನು ಬೇರೆಯವರ ಕೈಗೊಪ್ಪಿಸಿ ಇಲ್ಲಿನ ರಾಜ್ಯದ ಶಾಸನಸಭೆಗೆ ಹೋಗಿ, ಅಲ್ಲಿ ತಾವು ಕೊಟ್ಟ ಮಾತಿಗೆ ತಕ್ಕಂತೆ ಮತ ಹಾಕಿದವರು ನಾನು ಕಂಡಂತೆ ಶ್ರೀ ಬಾಳಪ್ಪ ಹಂಚಿನಮನಿ ಒಬ್ಬರೇ. ಅವರ ಅರವತ್ತೈದನೆಯ ಹುಟ್ಟುಹಬ್ಬಕ್ಕೆ ಹೊರಬರುತ್ತಿರುವ ಈ ಸಂಪುಟಕ್ಕೆ ಬರೆಯುವುದು ನನ್ನ ಭಾಗ್ಯ. ಆಮಂತ್ರಣದಲ್ಲಿ ‘ನಿವೃತ್ತಿ’ ಎಂಬ ಪದ ಕಂಡು ನನ್ನ ಮೈ ಉರಿದದ್ದೂ ನಿಜ.

ಗೋಕಾಕದ ಕಡೆಯಿಂದ ಕಾರು ಕಂಪನಿಯೊಂದರ ಎಂಜಿನಿಯರಾಗಿ ಬಂದ ಅವರು, ಆ ನೌಕರಿ ಬಿಟ್ಟು ಡಾರ್ಮ್‌ಸ್ಟಾಟ್ ನಗರದ ಹೊರವಲಯದಲ್ಲಿ ವರ್ಕ್‌ಶಾಪು ತೆರೆದು, ನಡೆಯಲಾಗದವರು ತಾವೇ ಓಡಿಸುವಂತೆ ಕಾರುಗಳನ್ನು ಮಾರ್ಪಡಿಸಿಕೊಡತೊಡಗಿದರು. ಅಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದವಳು ನಾನು. ತುಂಬು ಗರ್ಭಿಣಿಯಾಗಿದ್ದ ನನಗೆ ಮೇಜಿನ ಮುಂದೆಯೇ ನೋವು ಕಾಣಿಸಿಕೊಂಡಾಗ, ಗಿರಾಕಿಗೆ ಒಪ್ಪಿಸಬೇಕಿದ್ದ ವ್ಯಾನಿನಲ್ಲೇ ಕೂರಿಸಿಕೊಂಡು ಪಕ್ಕದ ಊರಿನ ಸಣ್ಣ ಆಸ್ಪತ್ರೆಗೆ ಕರೆದೊಯ್ದರು. ಕಲೋನ್‌ನಿಂದ ನನ್ನ ಗಂಡ ಬರುವವರೆಗೆ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಮಗಳು ಲಾವಣ್ಯಾ ಅಲ್ಲೇ ಹುಟ್ಟಿದಳು.

ಮುಂದೆ ಅವರು ಪಕ್ಷವೊಂದನ್ನು ಸೇರಿ ಶಾಸಕರಾದಾಗ ನಮ್ಮ ಕನ್ನಡ ಸಂಘ ಅವರನ್ನು ಹಾರಗಳಲ್ಲಿ ಮುಳುಗಿಸಿತು. ಪ್ರತಿ ಯುಗಾದಿಗೂ ಅವರೇ ಮುಖ್ಯ ಅತಿಥಿ. ವೀಸಾ ತೊಡಕಾದವರಿಗೂ ಬಾಡಿಗೆ ಮನೆ ಸಿಗದವರಿಗೂ ಅವರೇ ಗತಿ. ಕಳೆದ ವರ್ಷ ಅದೇ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಅನುದಾನ ನಿಲ್ಲಿಸುವ ಪ್ರಸ್ತಾಪ ಶಾಸನಸಭೆಗೆ ಬಂತು. ಮುಚ್ಚಲು ಬಿಡುವುದಿಲ್ಲವೆಂದು ಚುನಾವಣೆಯಲ್ಲಿ ಮಾತು ಕೊಟ್ಟಿದ್ದ ಅವರ ಪಕ್ಷವೇ ಆ ಪ್ರಸ್ತಾಪ ತಂದಿತ್ತು. ಆ ಪಕ್ಷದೊಳಗಿಂದ ವಿರುದ್ಧ ಮತ ಹಾಕಿದವರು ಬಾಳಪ್ಪನವರೊಬ್ಬರೇ. ವಿಭಾಗವೇನೋ ಮುಚ್ಚಿತು. ಮುಂದಿನ ಚುನಾವಣೆಗೆ ಪಕ್ಷ ಬೇರೊಬ್ಬರನ್ನು ಆರಿಸಿ, ಇವರ ಕೈಗೆ ಹೂಗುಚ್ಛ ಕೊಟ್ಟು, ಹಿರಿಯರು ವಿಶ್ರಾಂತಿ ಬಯಸಿದ್ದಾರೆಂದು ಪತ್ರಿಕೆಗಳಿಗೆ ಹೇಳಿತು.

ಪಕ್ಷದವರು ಹಾಗೆ ಮಾಡಿದ್ದು ನನಗೆ ಆಶ್ಚರ್ಯವಲ್ಲ. ಆದರೆ ನಮ್ಮವರು? ಈ ಲೇಖನ ಕೇಳಲು ಫೋನು ಮಾಡಿದ ಸಂಘದ ಅಧ್ಯಕ್ಷ ಯತಿರಾಜ್ ಅವರು ಕೊನೆಗೆ ಹೇಳಿದ್ದು ಇಷ್ಟು: “ಮೇಡಂ, ಆ ಹಾಸ್ಪಿಟಲ್ ಮ್ಯಾಟರ್ ಸ್ಕಿಪ್ ಮಾಡ್ಬಿಡಿ. ಪಾರ್ಟಿಯವ್ರನ್ನೂ ಕರ್ದಿದೀವಿ, ಫಂಕ್ಷನ್ ಪಾಸಿಟಿವ್ ಆಗಿರ್ಲಿ.” ಒಬ್ಬ ಮನುಷ್ಯ ಮಾಡಿದ ಎಲ್ಲಕ್ಕಿಂತ ದೊಡ್ಡ ಕೆಲಸವನ್ನು ಬಿಟ್ಟು ಅವರಿಗೆ ಅಭಿನಂದನೆ ಬರೆಯಬೇಕಂತೆ! ನಾಚಿಕೆಯಾಗಬೇಕು ನಮಗೆ. ಒಂದು ಸಾಲು ಕತ್ತರಿಸುವುದಾದರೂ ಇಡೀ ಲೇಖನ ಹಿಂದಿರುಗಿಸಿ ಎಂದು ಹೇಳಿಯೇ ಇದನ್ನು ಕೊಟ್ಟಿದ್ದೇನೆ.

ನಿವೃತ್ತಿ ನಿಮ್ಮ ಇಚ್ಛೆಯೇ ಎಂದು ಬಾಳಪ್ಪನವರನ್ನೇ ಕೇಳಿದೆ.

“ನಾ ಎಲ್ಲಿ ರಿಟೈರ್ ಆಗೇನವಾ, ಶ್ರೀದೇವಿ? ಅವರು ಟಿಕೆಟ್ ಕೊಡಲಿಲ್ಲ, ಅಷ್ಟ. ಪಕ್ಷೇತರ ನಿಲ್ಲಾಂವ ಅದೀನಿ.”

ಹಾಗೆ ನಿಲ್ಲಲು ಕ್ಷೇತ್ರದ ಮತದಾರರ ಸಹಿಗಳು ಬೇಕು. ಬಾಳಪ್ಪನವರಿಗೆ ದೀರ್ಘಾಯುಷ್ಯವಿರಲಿ, ಆರೋಗ್ಯವಿರಲಿ, ಕೈತುಂಬ ಕೆಲಸವೂ ಇರಲಿ ಎಂದು ಮನಸಾರೆ ಹಾರೈಸುತ್ತೇನೆ. ಸಮಾರಂಭದ ದಿನ ಶಾಲು ಹೊದಿಸಲು ಸಾಲು ನಿಲ್ಲುವವರು ಮೊದಲು ಬಾಗಿಲ ಬಳಿಯ ನನ್ನ ಮೇಜಿಗೆ ಬನ್ನಿ. ಅಲ್ಲಿ ಮೊದಲ ಸಹಿ ಆಗಲೇ ಬಿದ್ದಿರುತ್ತದೆ. ಅದು ಆ ಹೆರಿಗೆ ವಿಭಾಗದಲ್ಲಿ ಹುಟ್ಟಿ, ಈ ವರ್ಷವಷ್ಟೇ ಮತದಾನದ ಹಕ್ಕು ಪಡೆದ ಲಾವಣ್ಯಾಳದು.