ಗಡಿಕಲ್ಲಿನ ಬುಡದ ಇದ್ದಿಲು

ನಮ್ಮ ಭಾವ ಯಾರನ್ನೂ ನಂಬುವವರಲ್ಲ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತಾರೆ, ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದು ಮತ್ತೊಮ್ಮೆ ಜಗ್ಗುತ್ತಾರೆ. "ಉಪ್ಪು ಹಾಕಿದೀನಿ ಅಂದ್ರೂ ಇವರು ರುಚಿ ನೋಡೇ ನಂಬೋದು" ಎಂದು ಅಕ್ಕ ಆಡಿಕೊಳ್ಳುತ್ತಾಳೆ. ಸರ್ವೆ ಕಚೇರಿಯಲ್ಲಿ ಅವರಿಗೆ ‘ಇನ್ನೊಂದ್ಸಲ’ ಎಂದೇ ಹೆಸರು. ಟೇಪು ಹಿಡಿದವರು ಅಳತೆ ಕೂಗಿದರೆ ಪೆನ್ನು ಎತ್ತದೆ ಅದನ್ನೇ ಅನ್ನುತ್ತಿದ್ದರು.

ಮೂವತ್ತು ವರ್ಷ ಅವರು ಗಡಿಕಲ್ಲು ನೆಡಿಸಿದರು. ಗುಂಡಿ ತೋಡಿದ ಮೇಲೆ ಕೂಲಿಯವರನ್ನು ಟೀಗೆ ಕಳಿಸಿ, ಚೀಲದಿಂದ ಒಂದು ಹಿಡಿ ಇದ್ದಿಲು ತೆಗೆದು ತಳಕ್ಕೆ ಸುರಿಯುತ್ತಿದ್ದರು. ಅದರ ಮೇಲೆ ಕಲ್ಲು. ಕಲ್ಲನ್ನು ಕದ್ದು ಸರಿಸುವವನಿಗೆ ಇದ್ದಿಲನ್ನೂ ಸರಿಸಬೇಕೆಂದು ಹೊಳೆಯುವುದಿಲ್ಲ, ಇದ್ದಿಲು ಮಣ್ಣಲ್ಲಿ ಕೊಳೆಯುವುದೂ ಇಲ್ಲ. ಈ ಗುಟ್ಟು ಗೊತ್ತಿದ್ದದ್ದು ಅವರಿಗೆ ಮತ್ತು ಟೇಪಿನ ತುದಿ ಹಿಡಿಯುತ್ತಿದ್ದ ನನಗೆ. ಹೆಂಡತಿಯ ತಮ್ಮ ಎಂದೋ ಏನೋ, ನನಗೆ ಮಾತ್ರ ಅವರು ‘ಇನ್ನೊಂದ್ಸಲ’ ಅನ್ನುತ್ತಿರಲಿಲ್ಲ.

ನಿವೃತ್ತಿಗೆ ಎರಡು ತಿಂಗಳಿದ್ದಾಗ ಟೈಲರ್ ಹೆಂಗಸೊಬ್ಬಳು ದೂರು ತಂದಳು. ನಾವು ಕೊಟ್ಟ ನಕ್ಷೆ ನಂಬಿ ಹೊಲಿಗೆ ಕೋಣೆ ಕಟ್ಟಿಸಿದ್ದಳು, ಅವಳ ಹೊಟ್ಟೆಪಾಡೆಲ್ಲ ಅದರಲ್ಲೇ. ಪಕ್ಕದ ಬಡಗಿ ಆ ಕೋಣೆಯ ಹಿಂದುಗಡೆ ಪೇರಿಸಿದ್ದ ತನ್ನ ಮರದ ರಾಶಿ ತೆಗೆಸಿದಾಗ ಕೆಳಗೆ ಗಡಿಕಲ್ಲು ಕಂಡಿತ್ತು. ಅದರ ಪ್ರಕಾರ ಅವಳ ಗೋಡೆ ಒಂದೂವರೆ ಅಡಿ ಅವನ ಜಾಗದಲ್ಲಿತ್ತು. ಗೋಡೆ ಒಡೆಸು ಎಂದು ಅವನು ಪಟ್ಟು ಹಿಡಿದಿದ್ದ.

"ರಾಶಿ ಮರೆಯಲ್ಲಿ ಕಲ್ಲು ಸರಿಸಿದಾನೆ ಕಣೋ" ಎಂದರು ಭಾವ. ಜಾಗ ನೋಡಲು ಹೋದಾಗ ಬಡಗಿ ನಮಗೆ ಕುರ್ಚಿ ಹಾಕಿಸಿದ. "ನೋಡಿದ್ಯಾ, ಉಪಚಾರ ಜಾಸ್ತಿ" ಎಂದು ಪಿಸುಗುಟ್ಟಿದರು. ಅವನು ಬೆವರು ಒರೆಸಿಕೊಂಡರೂ ತಪ್ಪು, ಒರೆಸದಿದ್ದರೂ ತಪ್ಪು. ನನಗೂ ಆ ಮನುಷ್ಯನ ನಗು ಹಿಡಿಸಲಿಲ್ಲ.

ಬಡಗಿಯ ಅಂಗಳದ ಬಾವಿಕಟ್ಟೆಯ ಒಳ ಅಂಚಿನಿಂದ ಗಡಿಕಲ್ಲಿಗೆ ನಲವತ್ತು ಅಡಿ ಎಂದಿತ್ತು ಅಳತೆ ಪುಸ್ತಕದಲ್ಲಿ. ಅಲ್ಲಿ ಅಗೆದೆ. ಬರೀ ಮಣ್ಣು. ಮೊಣಕಾಲಾಳ ಅಗೆದರೂ ಇದ್ದಿಲಿನ ಚೂರು ಸಿಗಲಿಲ್ಲ. ಭಾವ ಕಲ್ಲಿನ ಕಡೆ ಕೈ ತೋರಿಸಿದರು. ಅದನ್ನು ಓರೆ ಮಾಡಿ ಬುಡ ಕೆದಕಿದೆ. ಇದ್ದಿಲು ಕಪ್ಪಗೆ ಹಾಗೇ ಕೂತಿತ್ತು. ಕಲ್ಲು ಅಲುಗಿರಲೇ ಇಲ್ಲ.

ಆ ಬಾವಿಕಟ್ಟೆಯ ದಪ್ಪ ಸರಿಯಾಗಿ ಒಂದೂವರೆ ಅಡಿ. ಕಲ್ಲು ನೆಟ್ಟ ದಿನ ಟೇಪನ್ನು ಹೊರ ಅಂಚಿಗೆ ಹಿಡಿದು "ಒಳ ಅಂಚು" ಎಂದು ಕೂಗಿದವನು ನಾನೇ. ಗುಂಡಿ ಮುಚ್ಚಿ ಬಡಗಿಯತ್ತ ಬೆರಳು ತೋರಿಸಿದ್ದರೆ ಊರೆಲ್ಲ ನಂಬುತ್ತಿತ್ತು. ನಿಜ ಹೇಳುತ್ತೇನೆ, ಭಾವ ಹಾಗೇ ಮಾಡಲಿ ಎಂದು ನಾನು ಬಯಸಿದೆ.

ಅವರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಟೈಲರ್ ಹೆಂಗಸಿನ ಕಡೆ ತಿರುಗಿ, "ಕಲ್ಲು ಸರಿಯಾಗೇ ಇದೆಯಮ್ಮ. ನಾನೇ ಪುಸ್ತಕದಲ್ಲಿ ತಪ್ಪು ಬರೆದಿದೀನಿ. ಹಾಗಂತ ಬರೆದು ಸಹಿ ಹಾಕಿ ಕೊಡ್ತೀನಿ, ಕಚೇರಿಯಿಂದ ಪರಿಹಾರ ಕೇಳಿ" ಎಂದರು. ನನ್ನ ಹೆಸರು ಎತ್ತಲಿಲ್ಲ.

ಅವಳು ತನ್ನ ಗೋಡೆಯನ್ನು ನೋಡಿದಳು, ಬಡಗಿಯನ್ನು ನೋಡಿದಳು.

"ಇವರು ನಿಮ್ಮ ಕೈ ಬೆಚ್ಚಗೆ ಮಾಡಿದ್ದು ಯಾವಾಗ ಸಾರ್?" ಎಂದಳು.

ಭಾವ ಕೋಪಿಸಿಕೊಳ್ಳಲಿಲ್ಲ. ಅವಳ ಜಾಗದಲ್ಲಿದ್ದರೆ ಅವರೂ ಅದನ್ನೇ ಕೇಳುತ್ತಿದ್ದರು.