ಅತ್ತೆ ಹೇಳದ ಹೆಸರು

ನಮ್ಮ ಅತ್ತೆಯ ಕಾಯಿಲೆ ಶುರುವಾದದ್ದು ಒಂದು ಬುತ್ತಿಯ ಗಂಟಿನಿಂದ.

ಮಿಲ್ಲಿನ ಬೆಳಗಿನ ಸೈರನ್ನು, ನಮ್ಮ ಭೋಂಗಾ, ಕೂಗಿತ್ತು. ಮಾವ ಮಿಲ್ಲಿಗೆ ಹೊರಟಿದ್ದರು. ಬುತ್ತಿ ಕಟ್ಟೆಯ ಮೇಲೆಯೇ ಉಳಿದಿತ್ತು. ಅತ್ತೆ ಅದನ್ನು ಹಿಡಿದು ಬಾಗಿಲಿಗೆ ಓಡಿದರು. ದಾಂಡೇಲಿಯಲ್ಲಿ ನಮ್ಮ ಸಾಲುಮನೆಗಳ ಗಂಡಸರೆಲ್ಲ ಅದೇ ಹೊತ್ತಿಗೆ ಕೆಲಸಕ್ಕೆ ಹೋಗುತ್ತಾರೆ. ಅಷ್ಟು ಜನರ ನಡುವೆ ಅತ್ತೆ ಮಾವನನ್ನು ಹೆಸರು ಹಿಡಿದು ಕೂಗಿದರು.

ಹೆಸರು ಹಿಡಿದು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಸೊಸೆ ಮಾವನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡಸಿನ ಆಯುಷ್ಯ ಕಡಿಮೆಯಾಗುತ್ತದಂತೆ. ಅತ್ತೆ ಮೂವತ್ತೈದು ವರ್ಷ 'ಇವರ', 'ಏನ್ರಿ' ಎಂದೇ ಸಂಸಾರ ಮಾಡಿದವರು. ಮಾವ ತಿರುಗಿ ಬಂದರು. ಒಂದು ಕೈಯಲ್ಲಿ ಬುತ್ತಿ ಇಸಿದುಕೊಂಡರು, ಇನ್ನೊಂದು ಕೈಯಲ್ಲಿ ಅತ್ತೆಯ ಕಪಾಳಕ್ಕೆ ಬಿಗಿದರು.

"ಸೊಕ್ಕ ಬಂದೈತಿ ಇದಕ್ಕ," ಎಂದು ಹೇಳಿ ಹೊರಟುಹೋದರು.

ನಾನು ಹಿಟ್ಟಿನ ಕೈಯಲ್ಲಿ ಒಳಬಾಗಿಲಲ್ಲಿ ನಿಂತಿದ್ದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು. ನಾಲ್ಕು ವರ್ಷ ಅವರ ಕೈಕೆಳಗೆ ರೊಟ್ಟಿ ಬಡಿದಿದ್ದೆ, ಒಂದು ರೊಟ್ಟಿಯನ್ನೂ ಅವರು ಚೆನ್ನಾಗಿದೆ ಎಂದಿರಲಿಲ್ಲ. ಈ ಸಿಟ್ಟಿನ ಕಥೆಯಲ್ಲಿ ನನ್ನ ಪಾಲೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಮೇಲೆ ಒಂದೊಂದೇ ಮಾತು ಉದುರತೊಡಗಿತು. ಚರಿಗೆ ಬೇಕೆಂದರೆ "ಅದ, ನೀರಿಂದು" ಅನ್ನುವರು. ಲಟ್ಟಣಿಗೆಗೆ "ಅದ, ಉರುಳೂದು." ವಸ್ತುವಿನ ಹೆಸರು ಹೋಗಿ ಅದರ ಕೆಲಸ ಮಾತ್ರ ಉಳಿದಿತ್ತು. ಪಲ್ಯಕ್ಕೆ ಎರಡು ಸಲ ಉಪ್ಪು ಬೀಳುತ್ತಿತ್ತು. ಎಂದೋ ತೀರಿಹೋದ ತಮ್ಮ ತಾಯಿ ಉಂಡರೋ ಇಲ್ಲವೋ ಎಂದು ಒಂದು ಮಧ್ಯಾಹ್ನದಲ್ಲಿ ಹತ್ತು ಸಲ ಕೇಳುತ್ತಿದ್ದರು. ಮೊದಲ ಐದು ಸಲ ನಾನು ಉತ್ತರ ಕೊಡುತ್ತಿದ್ದೆ. ಆಮೇಲೆ ಪಾತ್ರೆ ಕುಕ್ಕುತ್ತಿದ್ದೆ.

ಒಂದು ದಿನ ಮನೆಬಿಟ್ಟು ನಡೆದವರು ಮೌಳಂಗಿಯ ಹೊಳೆದಂಡೆಯಲ್ಲಿ ಸಿಕ್ಕರು. ಸಾಂಬ್ರಾಣಿ ಊರಿನ ಕಡೆಯ ಒಬ್ಬ ಸಿದ್ದಿ ಹೆಂಗಸು ಕೈಹಿಡಿದು ಕರೆತಂದಳು. ಅವಳು ಕೊಂಕಣಿಯಲ್ಲಿ ಏನೋ ಹೇಳುತ್ತಿದ್ದಳು, ಅತ್ತೆ ಅರ್ಧ ಕನ್ನಡದಲ್ಲಿ ಇನ್ನೇನೋ ಹೇಳುತ್ತಿದ್ದರು. ಇಬ್ಬರೂ ನಗುತ್ತ ಬಂದರು. ನಾವು ಮನೆಯವರು ಯಾರೂ ಅತ್ತೆಯ ಜತೆ ಅಷ್ಟು ಚೆನ್ನಾಗಿ ಮಾತಾಡಿ ತಿಂಗಳುಗಳಾಗಿದ್ದವು.

ಊರ ಬಾಯಿಗೆ ಕೈ ಅಡ್ಡ ಹಿಡಿಯಲಾದೀತೇ? ಬಿದಿರುಮೆಳೆಯ ಗಾಳಿ ಸೋಕಿದೆ ಎಂದರು ಒಬ್ಬರು. ಉಳವಿಗೆ ಕರೆದುಕೊಂಡು ಹೋಗಿ ಎಂದರು ಇನ್ನೊಬ್ಬರು. ಬಿದಿರಿನ ಲಾರಿಯಲ್ಲಿ ಕೂತು ಹೋಗಿಬಂದೆವು. ಮಾವನಿಗೆ ಇಟ್ಟದ್ದು ಉಳವಿಯ ದೇವರ ಹೆಸರೇ. ಗುಡಿಯಲ್ಲಿ ಜನರೆಲ್ಲ ದೇವರ ಹೆಸರಿಗೆ ಜೈಕಾರ ಹಾಕಿದರು. ನಾನು ಮಾತ್ರ 'ಉಳವಿ ಅಪ್ಪಾ' ಎಂದು ಮೆಲ್ಲಗೆ ಕೈಮುಗಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಆ ಸೆರಗನ್ನು ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕೊನೆಗೆ ಹುಬ್ಬಳ್ಳಿಯ ಒಬ್ಬ ದೊಡ್ಡ ಡಾಕ್ಟರ ಹತ್ತಿರ ಹೋದೆವು. ಮಾವನನ್ನೂ ನನ್ನ ಗಂಡನನ್ನೂ ಹೊರಗೆ ಕೂರಿಸಿ, ನಮ್ಮಿಬ್ಬರನ್ನು ಒಳಗೆ ಕರೆದರು. ಡಾಕ್ಟರು ಒಂದೇ ಸಮ ಕೇಳುತ್ತ ಹೋದರು. ಇದು ಯಾವ ವರ್ಷ? ದೇಶದ ಪ್ರಧಾನಿ ಯಾರು? ಗಡಿಯಾರದಲ್ಲಿ ಎಷ್ಟು ಗಂಟೆ? ಅತ್ತೆಗೆ ವರ್ಷ ಮೊದಲೂ ಗೊತ್ತಿರಲಿಲ್ಲ, ಪ್ರಧಾನಿಯೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಗಡಿಯಾರವೇ ಇಲ್ಲ. ಮಿಲ್ಲಿನ ಭೋಂಗಾವೇ ನಮಗೆ ಗಡಿಯಾರ.

"ಗಂಡನ ಹೆಸರೇನಮ್ಮಾ?"

ಅತ್ತೆ ತಲೆ ತಗ್ಗಿಸಿದರು. ಸೆರಗು ಬಾಯಿಗೆ ಹೋಯಿತು. ಡಾಕ್ಟರು ಮೂರು ಸಲ ಕೇಳಿದರು. ಆಮೇಲೆ ನನ್ನ ಕಡೆ ನೋಡಿ, "ನೀನರ ಹೇಳವಾ, ಹೆಸರೇನು?" ಎಂದರು. ನಾನೂ ತಲೆ ತಗ್ಗಿಸಿದೆ. ಏಳನೆಯ ಇಯತ್ತೆ ಪಾಸಾದವಳು ನಾನು, ಡಾಕ್ಟರ ಮೇಜಿನ ಮೇಲಿದ್ದ ಕಾಗದದಲ್ಲಿ ಬರೆದು ತೋರಿಸಬಹುದಿತ್ತು. ಅದೂ ತೋಚಲಿಲ್ಲ.

ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಬರೆದರು. ಮಾವನನ್ನು ಒಳಗೆ ಕರೆದು, "ಗಂಡನ ಹೆಸರೂ ನೆನಪಿಲ್ಲ. ಮಿದುಳು ಬಹಳ ಸವದೈತಿ. ಇನ್ನ ಮನ್ಯಾಗ ಇಟಗೊಳ್ಳೂದು ತ್ರಾಸು," ಎಂದರು. ಧಾರವಾಡದ ಹುಚ್ಚರ ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟರು.

ಅವತ್ತು ಕೇಳಿದ ಪ್ರಶ್ನೆಗಳಲ್ಲಿ ಅತ್ತೆಗೆ ಉತ್ತರ ಗೊತ್ತಿದ್ದದ್ದು ಅದೊಂದೇ.

ಬಸ್ಸಿನಲ್ಲಿ ನನ್ನ ಗಂಡನಿಗೆ ಹೇಳಿದೆ. "ಅತ್ತಿ ಮರತಿಲ್ಲರಿ. ರೂಢಿ ಬಿಟ್ಟಿಲ್ಲ, ಅಷ್ಟ."

"ಮತ್ತ ನೀ ಯಾಕ ಹೇಳ್ಲಿಲ್ಲ?"

"ನಾ ಹೆಂಗ ಹೇಳ್ಲಿ, ಮಾವಾರ ಹೆಸರು?"

ಅವರು ಕಿಟಕಿಯಾಚೆ ನೋಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಸರು ಹೇಳಿದ್ದಕ್ಕೆ ಬೀದಿಯಲ್ಲಿ ಕಪಾಳಕ್ಕೆ ಹೊಡೆದವರು ನೀವು ಗಂಡಸರು. ಹೇಳದೆ ಇದ್ದದ್ದಕ್ಕೆ ಹುಚ್ಚಿ ಎಂದು ಚೀಟಿ ಬರೆಸಿದವರೂ ನೀವು. ಹೆಂಗಸು ಬಾಯಿ ತೆರೆದರೂ ತಪ್ಪು, ಮುಚ್ಚಿದರೂ ತಪ್ಪು. ಮಿದುಳು ಸವೆದದ್ದು ಯಾರದು ಎಂದು ಕೇಳಬೇಕೆನಿಸಿತು.

ಆ ವಾರ ನಮ್ಮೂರಿನ ದವಾಖಾನೆಗೆ ಹೋದೆ. ಅಲ್ಲಿಗೆ ಮೈಸೂರು ಕಡೆಯ ಒಬ್ಬ ಲೇಡಿ ಡಾಕ್ಟರು ಹೊಸದಾಗಿ ಬಂದಿದ್ದರು. ಎಲ್ಲ ಹೇಳಿದೆ. ಹೆಸರಿನ ಸಂಗತಿಗೆ ಬಂದಾಗ ಮೊದಲು ನಕ್ಕರು, ಆಮೇಲೆ ನಗಲಿಲ್ಲ.

"ಕಾಯಿಲೆ ಸುಳ್ಳಲ್ಲ ಕಣಮ್ಮ," ಎಂದರು. "ವಾಸಿಯಾಗೋದೂ ಇಲ್ಲ. ಮಿದುಳಲ್ಲಿ ನೆನ್ನೆ ಮೊನ್ನೆಯ ನೆನಪು ಮೊದಲು ಹೋಗುತ್ತೆ. ಆಮೇಲೆ ವಸ್ತುಗಳ ಹೆಸರು. ಚಿಕ್ಕಂದಿನದು ಉಳಿಯುತ್ತೆ. ಬಾಯಿಪಾಠ ಬಂದಿರೋದು, ಹಾಡಿನ ಥರದ್ದು, ಎಲ್ಲಕ್ಕಿಂತ ಕೊನೇಲಿ ಹೋಗುತ್ತೆ. ಆದರೆ ಹೆದರಿಸಿದರೆ ಇರೋದೂ ಬಾಯಿಗೆ ಬರಲ್ಲ. ಅಲ್ಲ, ನಿಮ್ಮಲ್ಲಿ ಗಂಡನ ಹೆಸರು ಹೇಳೋ ದಾರಿಯೇ ಇಲ್ವಾ?"

ಒಂದು ದಾರಿ ಇತ್ತು. ಒಡಪು. ಮದುವೆಯಾಗಿ ಬಂದ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿ, ಗಂಡನ ಹೆಸರು ಹೇಳದೆ ಬಿಡುವುದಿಲ್ಲ ಎನ್ನುತ್ತಾರೆ. ಅವಳು ಪ್ರಾಸದ ಎರಡು ಮೂರು ಸಾಲು ಕಟ್ಟಿ ಕೊನೆಯಲ್ಲಿ ಹೆಸರು ಸೇರಿಸುತ್ತಾಳೆ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಅತ್ತೆಯ ಒಡಪು ನಮ್ಮ ಬಳಗದಲ್ಲೆಲ್ಲ ಹೆಸರಾಗಿತ್ತು. ಮದುವೆಮನೆಗಳಲ್ಲಿ ಅವರನ್ನು ಕೂರಿಸಿಕೊಂಡು ಹಾಕಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಮಾವ ಅತ್ತೆಯನ್ನು ಕರೆದುಕೊಂಡು ಧಾರವಾಡಕ್ಕೆ ಹೊರಟು ನಿಂತಿದ್ದರು. ಕೈಯಲ್ಲಿ ಅತ್ತೆಯ ಸೀರೆಗಳ ಟ್ರಂಕು. ನಾನು ಹೊಸ್ತಿಲಲ್ಲಿ ಎರಡೂ ಕೈ ಚಾಚಿ ನಿಂತೆ.

"ಸರಿ ಬಾಜೂಕ. ಬಸ್ ಹೋಗತೈತಿ," ಎಂದರು ಮಾವ.

ನಾನು ಅವರ ಕಡೆ ನೋಡಲಿಲ್ಲ. "ಅತ್ತೀ, ಒಡಪ ಹಾಕ್ರಿ. ಒಡಪ ಹಾಕದ ಹೊಸ್ತಿಲ ದಾಟಾಕ ಬಿಡೂದಿಲ್ಲ."

ಅತ್ತೆ ನನ್ನ ಕೈಗಳನ್ನು ನೋಡಿದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. ತಿಂಗಳಿಂದ ಒಂದು ವಾಕ್ಯ ಮುಗಿಸದ ಬಾಯಿ ಅದು.

"ಬುಟ್ಟಿ ತುಂಬ ಬಿಳೀ ಜ್ವಾಳ, ಜ್ವಾಳದಾಗ ಸಿಕ್ತು ಮುತ್ತಿನ ಹರಳ, ಹರಳ ತಂದು ನನ್ನ ಕೈಯಾಗ ಇಟ್ಟವರು..."

ಅಲ್ಲಿ ನಿಂತರು. ಮಾವನ ಮುಖ ನೋಡಿದರು. ಅತ್ತೆಯ ಕೈ ಮೆಲ್ಲಗೆ ತಮ್ಮ ಕಪಾಳಕ್ಕೆ ಹೋಯಿತು.

ಮರೆತಿರಲಿಲ್ಲ. ಹೆದರಿದ್ದರು.

ಮಾವನಿಗೂ ಅದು ಕಂಡಿತು. ಕಾಣಲೇಬೇಕಿತ್ತು, ಎರಡು ಮಾರು ದೂರದಲ್ಲೇ ಇದ್ದರು. ನಾನು ಇನ್ನು ಕಾಯಲಿಲ್ಲ. ಅವರ ಮುಖಕ್ಕೆ ಮುಖ ಕೊಟ್ಟು, ಸಾಲುಮನೆಗೆಲ್ಲ ಕೇಳುವ ಹಾಗೆ ಹೇಳಿದೆ:

"ಚನಬಸಪ್ಪನವರು."

ಹೊಡೆಯಲಿ ಎಂದೇ ನಿಂತಿದ್ದೆ. ಹೊಡೆದದ್ದು ಅತ್ತೆ. ನನ್ನ ತೋಳಿಗೆ ಮೆಲ್ಲಗೊಂದು ಕೊಟ್ಟು, ನಾಲಿಗೆ ಕಚ್ಚಿಕೊಂಡು, "ಮಾವನ ಹೆಸರ ಹೇಳ್ತೀ? ನಾಚಿಕಿ ಇಲ್ಲೇನ ನಿನಗ?" ಎಂದರು. ನಿಚ್ಚಳವಾದ ಪೂರ್ತಿ ಮಾತು. ನನ್ನ ಹಳೆಯ ಅತ್ತೆ. ನನಗೆ ಅಳು ಬಂತು, ನಗುವೂ ಬಂತು.

ಮಾವ ಟ್ರಂಕು ಕೆಳಗಿಟ್ಟರು. ಬಸ್ಸು ಹೋಯಿತು. ಡಾಕ್ಟರ ಚೀಟಿಯನ್ನು ನಾನೇ ಒಲೆಗೆ ಹಾಕಿದೆ.

ಇದಾಗಿ ಒಂದು ವರ್ಷವಾಯಿತು. ಕಾಯಿಲೆ ನಿಂತಿಲ್ಲ. ಒಡಪಿನ ಸಾಲುಗಳೂ ಹೋದವು. ಮೊದಲು ಹರಳು, ಆಮೇಲೆ ಬಿಳಿ ಜೋಳ. ಈಗ ಅತ್ತೆ ನನ್ನನ್ನು 'ಅವ್ವಾ' ಎಂದು ಕರೆಯುತ್ತಾರೆ, ನಾನು ಓ ಅನ್ನುತ್ತೇನೆ. ಅವರ ತಾಯಿ ಉಂಡರೋ ಎಂದು ಕೇಳಿದರೆ, ಈಗಷ್ಟೇ ಉಂಡರು ಎನ್ನುತ್ತೇನೆ. ಹನ್ನೊಂದನೆಯ ಸಲವೂ ಹಾಗೆಯೇ ಹೇಳುವುದನ್ನು ಕಲಿತಿದ್ದೇನೆ, ಆದರೆ ಪ್ರತಿದಿನ ಅದು ಆಗುವುದಿಲ್ಲ.

ಮಾವ ಪಾಳಿ ಮುಗಿಸಿ ಬಂದು ಅತ್ತೆಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣ್ಣಿಸುತ್ತಾರೆ. ಎಂಥ ಗಂಡ ನೋಡು ಎಂದು ಓಣಿಯ ಹೆಂಗಸರು ಹೊಗಳುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಕಪಾಳದ ಏಟನ್ನು ಕಂಡವರೇ ಈಗ ಹೊಗಳುವುದು. ನಾನು ಮರೆತಿಲ್ಲ. ಮರೆಯುವ ಕಾಯಿಲೆ ನನಗಿಲ್ಲ.

ಹೋದ ವಾರ ಅತ್ತೆ ಯಾರ ದನಿಗೂ ತಿರುಗಲಿಲ್ಲ. ಮಾವ 'ಏ' ಅಂದರು, 'ಇಲ್ನೋಡು' ಅಂದರು. ಅತ್ತೆ ಗೋಡೆಯನ್ನೇ ನೋಡುತ್ತಿದ್ದರು. ಮಾವ ರೊಟ್ಟಿಯ ತಾಟು ಹಿಡಿದು ಹತ್ತಿರ ಸರಿದರು. ಆಮೇಲೆ ಬಾಗಿ, ಕಳ್ಳತನ ಮಾಡುವವರ ಹಾಗೆ ಮೆಲ್ಲಗೆ ಕರೆದರು.

"ಗಂಗವ್ವಾ."

ಅತ್ತೆ ತಿರುಗಿದರು.

ಐದು ವರ್ಷ ಈ ಮನೆಯಲ್ಲಿದ್ದೇನೆ, ಆ ಹೆಸರನ್ನು ಮಾವನ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಗಂಡನ ಹೆಸರು ಹೇಳಬಾರದೆಂಬುದು ಶಾಸ್ತ್ರ. ಹೆಂಡತಿಯ ಹೆಸರು ಕರೆಯಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದರೂ ಕರೆಯಲು ಅವರಿಗೆ ಇಷ್ಟು ವರ್ಷ ಬೇಕಾಯಿತು. ಅತ್ತೆ ಬಾಯಿ ತೆರೆದಿದ್ದರು, ತುತ್ತಿಗೆ ಕಾಯುತ್ತಿದ್ದರು.

"ಇನ್ನೊಮ್ಮೆ ಕರೀರಿ, ಮಾವಾರ," ಎಂದೆ.

ಕರೆದರು.