ಗುಂಡಿ ವಗೀಹಾ ಕಂಡ ಮೂರು ಧಣಿಗಳು

ಅಲೆಕ್ಸಾಂಡ್ರಿಯಾದ ದೊಡ್ಡ ಬಟ್ಟೆ ಅಂಗಡಿಯಲ್ಲಿ ಗುಂಡಿ ಮಾರಲು ಸೇರಿದಾಗ ವಗೀಹಾಳಿಗೆ ಹದಿನಾರು ವರ್ಷ. ಧಣಿ ಲಿಯೊನಿದಾಸ್ ಗ್ರೀಕರವನು, ಪರದೇಶಿ ಸಾಹುಕಾರನೆಂದು ಎಲ್ಲರ ಬಾಯಲ್ಲೂ ‘ಖವಾಗಾ’; ಕೆಲಸದ ಹುಡುಗಿಯರ ಹಲ್ಲು ಎಣಿಸುವವನಂತೆ ಬಾಗಿಲಲ್ಲೇ ನಿಂತಿರುತ್ತಿದ್ದ.

“ನಗು ಬರ್ಲಿಲ್ವಾ? ಹಂಗಾದ್ರೆ ನಾಳೆ ನೀನೂ ಬರ್ಬೇಡ.”

ಗಿರಾಕಿ ಕೇಳಿದ ಬಣ್ಣ ಇಲ್ಲವೆನ್ನುವಂತಿರಲಿಲ್ಲ. ಪಕ್ಕದ ಬೀದಿಗೆ ಓಡಿಯಾದರೂ ತರಬೇಕು. ಲಾಭ ಅವನದು, ಕಾಲುನೋವು ಇವಳದು.

ಒಂದು ಬೇಸಿಗೆ, ಅಂಗಡಿಯನ್ನು ಸರ್ಕಾರ ವಶಕ್ಕೆ ತಗೊಂಡಿದೆ, ಅದು ಇನ್ನು ಜನರದು ಎಂದು ರೇಡಿಯೋ ಸಾರಿತು. ಖವಾಗಾ ಹಡಗು ಹತ್ತಿದ. ವಗೀಹಾಳಿಗೆ ಕಾಯಂ ನೌಕರಿ, ಹೆರಿಗೆ ರಜೆ, ಪುಕ್ಕಟೆ ಔಷಧಿ ಸಿಕ್ಕವು. ಆಡಳಿತ ಮಂಡಳಿಗೂ ಕಾರ್ಮಿಕರು ಅವಳನ್ನೇ ಆರಿಸಿದರು. ಮೊದಲ ಸಭೆಯಲ್ಲೇ ಅವಳು ಎಲ್ಲರಿಗೂ ಕುರ್ಚಿ ಮಂಜೂರು ಮಾಡಿಸಿದಳು. ಆದರೆ ಸರ್ಕಾರದ ಯೋಜನಾ ಕಚೇರಿ ವರ್ಷಗಟ್ಟಲೆ ಕಂದು ಗುಂಡಿಯನ್ನೇ ಕಳಿಸಿತು. ಬಿಳಿ ಗುಂಡಿಗೆಂದು ಮದುವಣಗಿತ್ತಿಯೊಬ್ಬಳು ಬಂದಾಗ ವಗೀಹಾ ಕುರ್ಚಿ ಬಿಟ್ಟು ಏಳಲಿಲ್ಲ.

“ಇರೋದೇ ಇದು ಕಣಮ್ಮಾ. ಗಂಡನ್ನಾದ್ರೂ ನಿನ್ನಿಷ್ಟದವನನ್ನ ಆರಿಸ್ಕೊಂಡಿದೀಯಾ ತಾನೆ?”

ಹುಡುಗಿ ಅತ್ತೇಬಿಟ್ಟಳು. ಆಗ ವಗೀಹಾ ಎದ್ದು, ತನ್ನ ಅಂಗಿಯ ಬಿಳಿ ಗುಂಡಿಗಳನ್ನೇ ಕಿತ್ತುಕೊಟ್ಟು, ಪಿನ್ನು ಚುಚ್ಚಿಕೊಂಡು ಟ್ರಾಮಿನಲ್ಲಿ ಮನೆಗೆ ಹೋದಳು.

ತೊಂಬತ್ತರ ದಶಕದಲ್ಲಿ ಸರ್ಕಾರ ಹೊರದೇಶದ ತಜ್ಞರ ಮಾತು ಕೇಳಿ ಅಂಗಡಿಯನ್ನು ಕಂಪನಿಯೊಂದಕ್ಕೆ ಮಾರಿತು. ಹೊಸ ವ್ಯವಸ್ಥಾಪಕ ಶರೀಫ್ ಮೊದಲು ಕುರ್ಚಿಗಳನ್ನು ಎತ್ತಿಸಿದ, ಆಮೇಲೆ ಎಲ್ಲರನ್ನೂ ಮೂರು ತಿಂಗಳ ಗುತ್ತಿಗೆಗೆ ಹಾಕಿದ, ಕೊನೆಗೆ ನಗುವ ತರಬೇತಿ ಇಡಿಸಿದ.

“ನೀವಿನ್ನು ನೌಕರರಲ್ಲ, ಸ್ವತಂತ್ರ ಉದ್ಯಮಿಗಳು. ನಿಮ್ಮ ಏಳಿಗೆ ನಿಮ್ಮ ಕೈಲೇ ಇದೆ,” ಎಂದ.

ವಗೀಹಾ ಕೈಯೆತ್ತಿದಳು. “ಒಂದು ಮಾತು, ಶರೀಫ್ ಸಾಹೇಬ್ರೇ. ಖವಾಗಾ ನಗದಿದ್ರೆ ಮನೆಗೆ ಕಳಿಸ್ತಿದ್ದ. ಸರ್ಕಾರ ಮುಖ ಗಂಟು ಹಾಕ್ಕೊಂಡ್ರೂ ಕಳಿಸ್ಲಿಲ್ಲ. ನೀವು ನಕ್ಕೋರನ್ನೂ ಕಳಿಸ್ತೀರಿ. ಮತ್ತೆ ಈ ತರಬೇತಿ ಯಾಕಪ್ಪಾ?”

ಸಭೆಯಲ್ಲಿ ಮೊದಲ ಸಲ ಎಲ್ಲರೂ ಮನಸಾರೆ ನಕ್ಕರು. ಆ ವಾರವೇ ಅವಳ ಕೈಗೆ ಸ್ವಯಂ ನಿವೃತ್ತಿ ಪತ್ರ ಬಂತು, ಯಾರೋ ಮೊದಲೇ ಭರ್ತಿ ಮಾಡಿಟ್ಟದ್ದು.

ಅವಳ ಹಾಗೆಯೇ ಕೆಲಸ ಕಳೆದುಕೊಂಡ ಇನ್ನೂ ಮೂವರು ಹೆಂಗಸರನ್ನು ಕೂಡಿಸಿಕೊಂಡು ವಗೀಹಾ ಅಂಗಡಿಯ ಎದುರಿನ ಫುಟ್‌ಪಾತಿನಲ್ಲೇ ಬಣ್ಣಬಣ್ಣದ ಗುಂಡಿ ಹರಡಿ ಕೂತಳು. ಶರೀಫ್ ಪೊಲೀಸನನ್ನು ಕಳಿಸಿದ.

“ಯಾರಮ್ಮಾ ಅಪ್ಪಣೆ ಕೊಟ್ಟಿದ್ದು?”

“ಶರೀಫ್ ಸಾಹೇಬ್ರೇ ಕೊಟ್ಟಿದ್ದು. ಉದ್ಯಮಿ ಆಗಿ ಅಂದ್ರು. ಬಾ ಮಗಾ, ನಿನ್ನ ತೋಳಿನ ಗುಂಡಿ ಜೋತಾಡ್ತಿದೆ.”

ಪೊಲೀಸ ಗುಂಡಿ ಹೊಲಿಸಿಕೊಂಡು, ಚಹಾ ಕುಡಿದು ಹೋದ.

ಹನ್ನೊಂದು ವರ್ಷ ಅವಳು ಅಲ್ಲೇ ಮಾರಿದಳು. ಜೊತೆಯವರಲ್ಲಿ ಮೈಗಳ್ಳತನ ಮಾಡಿದವಳನ್ನು ಬೀದಿಗೆ ಕೇಳುವಂತೆ ಬೈಯುವಳು, ಆದರೆ ಮನೆಗೆ ಕಳಿಸುವವಳಲ್ಲ; ಹುಷಾರು ತಪ್ಪಿದವಳ ಲಾಭದ ಪಾಲನ್ನು ತಾನೇ ಮನೆಗೆ ಹೋಗಿ ಕೊಟ್ಟು ಬರುವಳು.